ಉಪವಾಸದ ಪಟ್ಟಿ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು, ದೊಡ್ಡ ದೊಡ್ಡ ಮಾತುಗಳು ಗೊತ್ತಿಲ್ಲ. ಒತ್ತಕ್ಷರ ತಪ್ಪಿದ ಕಡೆ ತಿದ್ದಿಕೊಂಡು ಓದಬೇಕು. ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಎರಡು ಸಲವೂ ನನ್ನ ತಪ್ಪನ್ನು ಬಿಟ್ಟು ಬರೆದಿದ್ದೆ. ಈ ಸಲ ಬಿಡುವುದಿಲ್ಲ.

ಗೊಲ್ಲಾಳಮ್ಮ ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ. ಅವಳು ನನ್ನ ಸ್ವಂತ ದೊಡ್ಡವ್ವ ಅಲ್ಲ. ಹುಣಸಗಿಯಿಂದ ಆರು ಕಿಲೋಮೀಟರ್ ದೂರದ ನಮ್ಮ ಊರಿನಲ್ಲಿ ಇಬ್ಬರ ಮನೆಯೂ ಒಂದೇ ಓಣಿಯಲ್ಲಿದ್ದವು, ಅದಕ್ಕೆ ದೊಡ್ಡವ್ವ ಎನ್ನುತ್ತಿದ್ದೆ. ಅವಳು ಹುಟ್ಟಿದ್ದು ಯಾವ ಊರಲ್ಲೂ ಅಲ್ಲ. ತವರಿನವರು ಕೊಂಕಲ್ ಕಡೆಯ ಕುರಿಗಾರರು. ಕುರಿ ಹೊಡೆದುಕೊಂಡು ಶಿರವಾಳ ದಾಟಿ ಬರುವಾಗ ದಾರಿಯ ಒಂದು ಹೊಲದಲ್ಲಿ ಹುಟ್ಟಿದಳಂತೆ.

"ಆಧಾರ್ ಮಾಡಾಂವ ಹುಟ್ಟಿದೂರು ಯಾವದಬೇ ಅಂತ ಕೇಳಿದ. ಯಾರ ಹೊಲ ಅಂತ ಹೇಳ್ಲಿ ಯಪ್ಪಾ ಅಂದೆ. ಅಂವ ನಕ್ಕೊಂತ ಕೊಂಕಲ್ ಅಂತ ಬರಕೊಂಡ" ಎಂದು ಹೇಳಿ ತಾನೂ ನಗುತ್ತಿದ್ದಳು.

ಹದಿನಾರಕ್ಕೆ ಮದುವೆಯಾಗಿ ನಮ್ಮೂರಿಗೆ ಬಂದಳು. ಗಂಡ ಬಸವಂತ ಹಾವು ಕಚ್ಚಿ ಹೋಗಿ ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹೊಲ ಮೈದುನ ಸಂಗಣ್ಣನ ಜೊತೆ ಕೂಡಿ ಇತ್ತು. ಸಂಗಣ್ಣ ಕಾಕಾ ಹುಣಸಗಿಯಲ್ಲಿ ಮನೆ ಮಾಡಿದ್ದಾರೆ, ಬಿತ್ತನೆಗೆ ಮತ್ತು ರಾಶಿಗೆ ಮಾತ್ರ ಬರುತ್ತಾರೆ. ಕಾಲುವೆ ನೀರು ಬಂದ ಮೇಲೆ ಎಲ್ಲರ ಹಾಗೆ ಅವರೂ ಐದು ಎಕರೆಗೆ ಭತ್ತ ಹಾಕಿದರು. ನಡುವೆ ಉಳಿದ ಒಂದು ಎಕರೆಯಲ್ಲಿ ದೊಡ್ಡವ್ವ ಬದನೆ ಬೆಳೆಯುತ್ತಿದ್ದಳು. ಬುಟ್ಟಿ ತುಂಬಿ ಬಸ್ಸಿಗೆ ಹಾಕಿ ಸುರಪುರದ ಸಂತೆಗೆ ಒಯ್ಯುತ್ತಿದ್ದಳು.

ಸುತ್ತಲೂ ಭತ್ತದ ನೀರು ನಿಂತದ್ದಕ್ಕೋ ಏನೋ, ಆ ಒಂದು ಎಕರೆ ಕೆಡುತ್ತ ಬಂತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಉಪ್ಪಿನಂಥ ಬಿಳಿ ಪುಡಿ ಏಳುತ್ತಿತ್ತು. ನಮ್ಮ ಕಡೆ ಅದಕ್ಕೆ ಸವಳು ಎನ್ನುತ್ತಾರೆ. ಸಸಿಗಳ ಎಲೆ ಅಂಚಿನಿಂದ ಸುಟ್ಟ ಹಾಗೆ ಕಾಣುತ್ತಿತ್ತು. ಅಂಗಡಿಯವರನ್ನು ಕೇಳಿದರೆ ಇನ್ನೊಂದು ಚೀಲ ಸರ್ಕಾರಿ ಗೊಬ್ಬರ ಹಾಕು ಎನ್ನುತ್ತಿದ್ದರು. ಚೀಲದಲ್ಲಿ ಬರುವ ರಾಸಾಯನಿಕ ಗೊಬ್ಬರಕ್ಕೆ ನಮ್ಮಲ್ಲಿ ಹಾಗೇ ಕರೆಯುವುದು. ದೊಡ್ಡವ್ವ ಹಾಕಿದಳು. ಮರುವರ್ಷ ಮಣ್ಣು ಮತ್ತಷ್ಟು ಗಟ್ಟಿಯಾಯಿತು.

ಆಗ ಸಂಗಣ್ಣ ಕಾಕಾ ಅದನ್ನೂ ಭತ್ತಕ್ಕೆ ಸೇರಿಸೋಣ ಎಂದರು. ನಾನು ಅವತ್ತು ಅಲ್ಲೇ ಕಳೆ ತೆಗೆಯುತ್ತಿದ್ದೆ.

"ವೈನಿ, ಸುತ್ತ ನೀರು ನಿಂತದ. ನಡುವ ನೀ ಒಂದೆಕರೆ ಒಣಗಿಸ್ಕೊಂಡು ಕುಂತ್ರ ಹ್ಯಾಂಗ? ಸವಳ ನೆಲದಾಗ ಭತ್ತ ಬಿಟ್ರ ಬ್ಯಾರೆ ಏನು ಬರ್ತದ?"

"ಸವಳ ಯಾಕಾತು ಅಂತ ಕೇಳಿದೇನು?"

"ಯಾಕಾತು?"

"ನನಗೂ ಗೊತ್ತಿಲ್ಲ. ಮನುಷ್ಯಾ ಬಿದ್ರ ಏನು ತಿಂದಿದ್ಯೋ ಅಂತ ಕೇಳ್ತೀವಿ. ನೆಲಕ್ಕ ಯಾರೂ ಕೇಳಿಲ್ಲ. ನಾ ಕೇಳ್ತೀನಿ. ಒಂದು ಕಡಿ ನಿನ್ನ ಚೀಲ, ಒಂದು ಕಡಿ ನನ್ನ ಕುರಿ ಗೊಬ್ಬರ ಹಾಕಿ ನೋಡ್ತೀನಿ. ಮೂರು ಬೆಳಿ ಕೊಡು ನನಗ."

ಕಾಕಾ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಬದುವಿನ ಮೇಲೆ ನಿಂತು, "ಆತು. ಮೂರು ಬೆಳಿ. ಮೂರನೇ ಬೆಳಿಗಿ ನಿನ್ನ ಗೊಬ್ಬರ ನನ್ನ ಚೀಲಕ್ಕಿಂತ ಕಣ್ಣಿಗಿ ಕಾಣೋಹಂಗ ಮ್ಯಾಲ ಬಂದ್ರ ಈ ಹೊಲ ನೀ ಇರೋತನಕ ನಿಂದ. ಇಲ್ಲಂದ್ರ ನೀರು ಬಿಡ್ತೀನಿ. ಆಮ್ಯಾಲ ಮಾತು ತಿರುವಬ್ಯಾಡ" ಎಂದರು.

"ತಿರುವಂಗಿಲ್ಲ" ಎಂದಳು ದೊಡ್ಡವ್ವ.

ಎಕರೆಯನ್ನು ಹತ್ತು ಹತ್ತು ಗುಂಟೆಯ ನಾಲ್ಕು ಪಟ್ಟಿ ಮಾಡಿದಳು. ಹಗ್ಗದಿಂದ ಅಳೆದು, ಮೂಲೆಗಳಿಗೆ ಸುಣ್ಣ ಬಳಿದ ಕಲ್ಲು ನೆಟ್ಟಳು. ಒಂದು ಪಟ್ಟಿಗೆ ಬರೀ ಚೀಲದ ಗೊಬ್ಬರ. ಇನ್ನೊಂದಕ್ಕೆ ತಿಪ್ಪೆ ಗೊಬ್ಬರ. ಮೂರನೆಯದಕ್ಕೆ ಬೇಸಿಗೆಯಲ್ಲಿ ಕುರಿ ತರುಬಿಸುವುದು, ಎಂದರೆ ರಾತ್ರಿ ಬಲೆ ಕಟ್ಟಿ ಕುರಿಗಳನ್ನು ಅದರಲ್ಲೇ ನಿಲ್ಲಿಸಿ ಅವುಗಳ ಹಿಕ್ಕೆ ಮತ್ತು ಗಂಜಲ ನೆಲಕ್ಕೆ ಬೀಳುವಂತೆ ಮಾಡುವುದು. ಮಳೆ ಬಿದ್ದ ಮೇಲೆ ಸೆಣಬು ಬಿತ್ತಿ ಅಲ್ಲೇ ಮುರಿದು ಮಣ್ಣಿಗೆ ಸೇರಿಸುವುದು. ಎಲ್ಲಕ್ಕಿಂತ ಹೆಚ್ಚು ಸವಳು ಇದ್ದ ಜಾಗವನ್ನೇ ಇದಕ್ಕೆ ಇಟ್ಟಳು, ಚಲೋ ಮಣ್ಣು ತಾನು ತಗೊಂಡಳು ಎಂದು ಯಾರೂ ಅನ್ನಬಾರದು ಎಂದು. ನಾಲ್ಕನೆಯ ಪಟ್ಟಿಗೆ ಏನೂ ಇಲ್ಲ. ನೀರು, ಸಸಿ, ಕಳೆ ತೆಗೆಯುವುದು ಎಲ್ಲ ಉಳಿದವುಗಳ ಹಾಗೇ, ಗೊಬ್ಬರ ಮಾತ್ರ ಒಂದು ಹಿಡಿಯೂ ಇಲ್ಲ. ಊರವರು ಅದಕ್ಕೆ ಉಪವಾಸದ ಪಟ್ಟಿ ಎಂದು ಹೆಸರಿಟ್ಟರು.

"ದೊಡ್ಡವ್ವಾ, ಅದ್ಯಾಕ ಸುಮ್ಮ ಬಿಡ್ತಿ?" ಎಂದು ಕೇಳಿದೆ.

"ಸಪ್ಪನ ಪಲ್ಯ ತಿಂದಾಗ ಉಪ್ಪಿಂದು ಗೊತ್ತಾಗ್ತದ" ಎಂದಳು. ಆಮೇಲೆ, "ನಿನಗ ಅಂಕಿ ಬರೀಲಿಕ್ಕ ಬರ್ತದೇನು?" ಎಂದು ಕೇಳಿದಳು. ಬರುತ್ತದೆ ಎಂದೆ. ಅವಳಿಗೆ ಓದು ಬರುತ್ತಿರಲಿಲ್ಲ. ಅವತ್ತಿನಿಂದ ಬರೆಯುವ ಕೆಲಸ ನನ್ನದಾಯಿತು.

ಅವಳು ಮಣ್ಣನ್ನು ಕೇಳುತ್ತಿದ್ದ ರೀತಿ ಹೀಗೆ. ಪ್ರತಿ ಪಟ್ಟಿಯಿಂದ ಮೂರು ಮಣ್ಣಿನ ಹೆಂಟೆ ತಂದು ನೆರಳಲ್ಲಿ ಒಣಗಿಸುವುದು. ಹನ್ನೆರಡು ಚಹಾದ ಗ್ಲಾಸಿನಲ್ಲಿ ನೀರು ತುಂಬಿ ಒಂದೊಂದರಲ್ಲಿ ಒಂದೊಂದು ಹೆಂಟೆ ಬಿಡುವುದು. ಹೆಂಟೆ ಕರಗುವವರೆಗೆ ನಾನು ಎಣಿಸುವುದು. ಚೀಲದ ಪಟ್ಟಿಯ ಹೆಂಟೆ ಮೊದಲ ವರ್ಷ ನಲವತ್ತು ಎಣಿಸುವುದರೊಳಗೆ ರಾಡಿಯಾಗಿ ಕೂತಿತು. ಮಣ್ಣು ಹಾಗೆ ಕರಗಿದರೆ ನೀರು ಹಾಕಿದಾಗ ಮೇಲೆ ಪದರು ಕಟ್ಟುತ್ತದೆ, ಬೇರಿಗೆ ಉಸಿರಿಲ್ಲ ಎಂದು ಅವಳು ಹೇಳುತ್ತಿದ್ದಳು. ಆಮೇಲೆ ಒಂದು ಸಲಿಕೆಯಷ್ಟು ಅಗೆದು ಎರೆಹುಳ ಎಣಿಸುವುದು. ಸುರಪುರದ ಹತ್ತಿರದ ಕೃಷಿ ಕೇಂದ್ರದಿಂದ ಸೌಭಾಗ್ಯ ಮೇಡಂ ಎಂಬುವರು ಒಂದು ಸಲ ಬಂದು ಇದನ್ನೆಲ್ಲ ನೋಡಿದರು.

"ಇದು ಯಾರು ಹೇಳಿಕೊಟ್ಟರು ಅಮ್ಮಾ?" ಎಂದರು.

"ಯಾರೂ ಇಲ್ರಿ. ರೊಟ್ಟಿ ಹಿಟ್ಟು ಹಳೀದೋ ಹೊಸಾದೋ ನೀರು ಹಾಕಿ ನೋಡಂಗಿಲ್ಲೇನ್ರಿ? ಹಂಗ."

ಮೇಡಂ ನಗಲಿಲ್ಲ. ಮೂರೂ ವರ್ಷದ ಅಂಕಿ ಜೋಪಾನವಾಗಿ ಇಡು, ಸುರಪುರದಲ್ಲಿ ರೈತರ ಮುಂದೆ ಓದಿ ಹೇಳೋಣ ಎಂದು ನನಗೆ ಹೇಳಿ ಹೋದರು.

ಊರಿನವರು ಮಾತ್ರ ನಗುತ್ತಿದ್ದರು. ಎಳ್ಳ ಅಮಾಸೆಯ ದಿನ ನಮ್ಮಲ್ಲಿ ಎಲ್ಲರೂ ಹೊಲಕ್ಕೆ ಹೋಗಿ ಕಡಬು, ಪಲ್ಯ, ಅನ್ನ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ, ಭೂತಾಯಿಗೆ ಉಣಿಸುವುದು ಅದು. ಪಕ್ಕದ ಹೊಲದ ಹಣಮಂತಮ್ಮ ಬದುವಿನ ಮೇಲೆ ನಿಂತು ಕೂಗಿದಳು.

"ಗೊಲ್ಲಾಳಿ, ನಿನ್ನ ನಾಕನೇದಕ್ಕ ಇವತ್ತರ ಉಣ್ಣಾಕ ಕೊಡ್ತಿಯೋ ಏಕಾದಶಿನೋ?"

"ಕೈ ಮುಗೀತೀನಿ ತೊಗೊ ಅದಕ್ಕ."

"ಅಯ್ಯ, ನೋಡ ನೋಡ, ಒಂದು ಕಡಬು ಸಿಡಿದು ಅದರಾಗ ಬಿತ್ತು. ನಿನ್ನ ಲೆಕ್ಕ ಕೆಟ್ಟಿತಲ್ಲೇ!"

ಎಲ್ಲರೂ ನಕ್ಕರು. ದೊಡ್ಡವ್ವ ಸೀರೆ ಎತ್ತಿ ಕಟ್ಟಿ ಗಿಡಗಳ ನಡುವೆ ಹೋಗಿ ಆ ಕಡಬು ಹುಡುಕಿ ತಂದು ಮೂರನೆಯ ಪಟ್ಟಿಗೆ ಎಸೆದಳು. ಅವಳೂ ನಗುತ್ತಿದ್ದಳು, ಆದರೆ ತಂದದ್ದು ಖರೆ.

ಮೊದಲ ಬೆಳೆಯಲ್ಲಿ ಚೀಲದ ಪಟ್ಟಿಯೇ ಮುಂದೆ ಇತ್ತು. ತೊಂಬತ್ತೆರಡು ಬುಟ್ಟಿ. ಕುರಿ ಪಟ್ಟಿ ಎಪ್ಪತ್ತಾರು. ನಾನು ಅತ್ತುಬಿಟ್ಟೆ. ಅವಳು "ಬರಿ, ಇದ್ದದ್ದು ಇದ್ದಂಗ ಬರಿ" ಎಂದಳು. ಎರಡನೆಯ ಬೆಳೆಗೆ ಚೀಲದ್ದು ಎಂಬತ್ತೊಂದಕ್ಕೆ ಇಳಿಯಿತು, ಕುರಿ ಪಟ್ಟಿ ತೊಂಬತ್ತೇಳಕ್ಕೆ ಏರಿತು. ಅದರ ಹೆಂಟೆ ನೂರು ಎಣಿಸಿದರೂ ಗ್ಲಾಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಉಪವಾಸದ ಪಟ್ಟಿ ಮೂವತ್ತಾರು. ಸಂಗಣ್ಣ ಕಾಕಾ ಬುಟ್ಟಿಗಳನ್ನು ನೋಡಿ, "ಒಂದು ಸಲ ನಸೀಬ ಇರ್ತದ ವೈನಿ. ಮುಂದಿನ ವರ್ಷ ನೋಡೋಣ" ಎಂದು ಹೋದರು. ಆದರೆ ಕುರಿ ಪಟ್ಟಿಯ ಮಣ್ಣನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದ್ದನ್ನು ನಾನು ಕಂಡೆ.

ಮೂರನೆಯ ವರ್ಷದ ಬೇಸಿಗೆಯಲ್ಲಿ ದೊಡ್ಡವ್ವ ಬಿದ್ದಳು. ಕಾಲು ಬಾತು ಉಸಿರು ಹಿಡಿಯತೊಡಗಿತು. ಹೃದಯದ್ದು ಎಂದರು. ಕಲಬುರಗಿಯ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದಳು. ಹೋಗುವಾಗ ನನಗೆ ಒಂದೇ ಮಾತು ಹೇಳಿದಳು: "ಕಲ್ಲು ನೋಡ್ಕೊ ಯವ್ವಾ."

ಅವಳು ಅಲ್ಲಿದ್ದಾಗಲೇ ಅವಳ ತಮ್ಮ ಕುರಿ ಹೊಡೆದುಕೊಂಡು ಬಂದರು. ಇಲ್ಲಿ ಅವರನ್ನು ಸಾಬಣ್ಣ ಮಾವ ಎಂದು ಬರೆಯುತ್ತೇನೆ, ನಿಜವಾದ ಹೆಸರು ಬೇರೆ. ಯಾಕೆಂದು ಮುಂದೆ ತಿಳಿಯುತ್ತದೆ. ಬೇರೆಯವರ ಹೊಲದಲ್ಲಿ ಕುರಿ ತರುಬಿದರೆ ಜೋಳ ಇಸಿದುಕೊಳ್ಳುತ್ತಾರೆ. ಅಕ್ಕನ ಹೊಲಕ್ಕೆ ಮಾತ್ರ ಏನೂ ಇಲ್ಲ. ಪ್ರತಿ ವರ್ಷ ಎರಡು ದಿನ ಮೂರನೆಯ ಪಟ್ಟಿಯಲ್ಲಿ ತರುಬಿ ಮುಂದೆ ಹೋಗುತ್ತಿದ್ದರು.

ಮೂರನೆಯ ದಿನ ಸಂಜೆ ಹೊತ್ತು ಮುಳುಗುವ ಮುಂಚೆ ನಾನು ಹೊಲಕ್ಕೆ ಹೋದೆ. ಮಾವ ಬಲೆ ಕಿತ್ತು ನಾಲ್ಕನೆಯ ಪಟ್ಟಿಯಲ್ಲಿ ಗೂಟ ಬಡಿಯುತ್ತಿದ್ದರು.

"ಮಾವಾ, ಅದರಾಗ ಬ್ಯಾಡ್ರಿ" ಎಂದೆ.

ಕುರಿಗಳ ಗದ್ದಲದಲ್ಲಿ ಅವರಿಗೆ ಕೇಳಲಿಲ್ಲ. ನಾನು ಮೊದಲಿನಿಂದಲೂ ಮೆಲ್ಲಗೆ ಮಾತಾಡುವವಳು. ಶಾಲೆಯಲ್ಲಿ ಹಾಜರಿ ಹೇಳಿದರೂ ಸರ್‌ಗೆ ಕೇಳದೆ ಎಷ್ಟೋ ಸಲ ಗೈರು ಬಿದ್ದಿದೆ.

ಹತ್ತಿರ ಹೋಗಿ ಮತ್ತೊಮ್ಮೆ ಹೇಳಿದೆ. ಅವರು ಗೂಟ ಬಡಿಯುವುದು ಬಿಟ್ಟು ನನ್ನನ್ನು ನೋಡಿದರು. ಕಣ್ಣು ಕೆಂಪಾಗಿದ್ದವು.

"ಅಕ್ಕ ಯಾಕ ಬಿದ್ದಾಳ ಗೊತ್ತದೇನವ್ವ ನಿನಗ? ಮೂರು ವರ್ಷ ಆತು ಇದಕ್ಕ ಉಪಾಸ ಕೆಡವಿ. ತಾಯಿ ಇದು. ಉಪಾಸ ಕೆಡವಿದ್ರ ಸುಮ್ಮ ಇರ್ತಾಳೇನು? ನಮ್ಮ ದೇವರು ಗೊಲ್ಲಾಳಪ್ಪಗ ಬೇಡಕೊಂಡೀನಿ. ನಾಕೂ ಪಟ್ಟಿ ತುಂಬ ಕುರಿ ನಿಲ್ಲಿಸ್ತೀನಿ, ಅಕ್ಕನ್ನ ಎಬ್ಬಿಸಿ ಕಳಸು ಅಂತ."

"ಫೋನ್ ಹಚ್ಚಿ ದೊಡ್ಡವ್ವನ ಒಂದು ಮಾತು..."

"ಬ್ಯಾಡ. ಬಂದಾಗ ನೋಡಿ ಖುಷಿ ಆಗ್ಲಿ."

ಇಷ್ಟು ದೊಡ್ಡ ಮನುಷ್ಯ ಅಳುವ ಹಾಗೆ ನಿಂತಿದ್ದರು. ಮೂರು ವರ್ಷದ ಲೆಕ್ಕ ಹೋಗುತ್ತದೆ, ಹೊಲ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿತ್ತು. ನಮ್ಮವ್ವನನ್ನಾದರೂ ಕರೆದು ತರಬೇಕಿತ್ತು. ಏನೂ ಮಾಡಲಿಲ್ಲ. ಮನೆಗೆ ಬಂದುಬಿಟ್ಟೆ. ಅವರು ಒಟ್ಟು ಎಂಟು ದಿನ ಇದ್ದು ಚೀಲದ ಪಟ್ಟಿಯಲ್ಲೂ ತಿಪ್ಪೆ ಪಟ್ಟಿಯಲ್ಲೂ ಕುರಿ ತರುಬಿದರು. ಉಳಿದ ಅಷ್ಟೂ ದಿನ ನನಗೆ ಫೋನ್ ಮಾಡಲು ಆಗುತ್ತಿತ್ತು. ಇದೇ ನನ್ನ ತಪ್ಪು.

ದೊಡ್ಡವ್ವ ಕಾರ ಹುಣ್ಣಿಮೆಯ ಹಿಂದಿನ ದಿನ ಬಂದಳು. ಮಾವನೇ ಕರೆದುಕೊಂಡು ಬಂದರು. ಮನೆಗೆ ಹೋಗುವ ಮುಂಚೆ ಹೊಲ ನೋಡುತ್ತೇನೆ ಎಂದಳು. ಮಾವನ ಭುಜ ಹಿಡಿದು ಬದುವಿನ ಮೇಲೆ ನಡೆದಳು. ನಾಲ್ಕನೆಯ ಪಟ್ಟಿಯ ಹತ್ತಿರ ನಿಂತಳು. ಹಿಕ್ಕೆ ಚೆಲ್ಲಿದ್ದು, ಗೊರಸಿನಿಂದ ನೆಲ ಕೆದರಿದ್ದು ಯಾರಿಗಾದರೂ ಕಾಣುತ್ತಿತ್ತು.

"ನೋಡಕ್ಕಾ, ಈಗ ಯಾವದೂ ಉಪಾಸ ಇಲ್ಲ. ಅದಕ್ಕ ನೀ ಎದ್ದು ಬಂದಿ" ಎಂದರು ಮಾವ.

ದೊಡ್ಡವ್ವ ತಮ್ಮನ ಬೆನ್ನ ಮೇಲೆ ಕೈ ಇಟ್ಟು, "ಹೌದಪ್ಪ. ಅದಕ್ಕ ಬಂದೀನಿ" ಎಂದಳು.

ಮರುದಿನ ಮಾವ ಕುರಿ ಹೊಡೆದುಕೊಂಡು ಶಹಾಪುರದ ಕಡೆ ಹೋದ ಮೇಲೆ ನನ್ನನ್ನು ಕರೆದಳು.

"ನೀ ಇದ್ದೆಲ್ಲ?"

"ಇದ್ದೆ."

"ಹೇಳಿದೇನು?"

"ಹೇಳಿದೆ. ಮೆಲ್ಲಕ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅಂವಗ ಎಂದೂ ತಿಳಿಬಾರದು. ಅಂವ ನನ್ನ ಎಬ್ಬಿಸೀನಿ ಅಂತ ತಿಳಕೊಂಡಾನ. ಇರ್ಲಿ" ಎಂದಳು. ಆಮೇಲೆ, "ಬರಿ. ಮೂರನೇ ವರ್ಷ ನಾಕೂ ಪಟ್ಟಿಗಿ ಕುರಿ ಕುಂತಾವ. ಇದು ಲೆಕ್ಕಕ್ಕ ಬರಂಗಿಲ್ಲ" ಎಂದಳು. ನಾನು ಬರೆದೆ.

ಆದರೂ ಸಸಿ ನೆಟ್ಟಳು. ಕೂತಲ್ಲಿಂದಲೇ ಹೇಳುತ್ತಿದ್ದಳು, ನಾನೂ ಅವ್ವನೂ ಮಾಡುತ್ತಿದ್ದೆವು. ಬೆಳೆ ಬಂದಾಗ ನಾಲ್ಕೂ ಪಟ್ಟಿ ಹಸಿರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಚೀಲದ ಪಟ್ಟಿ ಕುರಿ ಗೊಬ್ಬರವನ್ನೂ ತಿಂದು ನೂರಾ ಎಂಟು ಬುಟ್ಟಿ ಕೊಟ್ಟಿತು. ಕುರಿ ಪಟ್ಟಿ ನೂರಾ ನಾಲ್ಕು. ಉಪವಾಸದ್ದು ಎಂಬತ್ತೆಂಟು. ಗ್ಲಾಸಿನಲ್ಲಿ ಹಾಕಿದ ಹೆಂಟೆಗಳಲ್ಲಿ ಇನ್ನೂ ವ್ಯತ್ಯಾಸ ಇತ್ತು. ಅದನ್ನಾದರೂ ಕಾಕಾಗೆ ತೋರಿಸೋಣ ಎಂದೆ. "ಕೆಟ್ಟ ಲೆಕ್ಕದಾಗಿಂದು ಬೇಕಾದದ್ದು ಆರಿಸಿ ತೋರಿಸಬಾರದವ್ವ" ಎಂದಳು.

ಕೊನೆಯ ಕೊಯ್ಲಿನ ದಿನ ಸಂಗಣ್ಣ ಕಾಕಾ ಬಂದರು. ಅಕ್ಕನನ್ನು ನೋಡಲು ಸಾಬಣ್ಣ ಮಾವನೂ ಅವತ್ತೇ ಬಂದಿದ್ದರು. ಬದುವಿನ ಕೊನೆಗೆ ಕೂತು ಬದನೆ ಚೀಲದ ಬಾಯಿ ಹೊಲಿಯುತ್ತಿದ್ದರು. ಬೇಸಿಗೆಯಲ್ಲಿ ಕಾಕಾ ಈ ಕಡೆ ಬಂದಿರಲಿಲ್ಲ, ಕುರಿಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಾನು ಅಂಕಿ ಓದಿದೆ.

"ಹಂಗಾದ್ರ ಚೀಲಾನ ಮ್ಯಾಲ ಬಂತಲ್ಲ ವೈನಿ."

"ಇನ್ನೊಂದು ವರ್ಷ ಕೊಡು ಸಂಗಣ್ಣ. ಈ ವರ್ಷದ್ದು ಲೆಕ್ಕಕ್ಕ ಬರಂಗಿಲ್ಲ."

"ಯಾಕ ಬರಂಗಿಲ್ಲ?"

ದೊಡ್ಡವ್ವ ಬದುವಿನ ಕೊನೆಗೆ ನೋಡಿದಳು. ಮಾವ ಸೂಜಿ ಹಿಡಿದುಕೊಂಡೇ ಈ ಕಡೆ ಕಿವಿಗೊಟ್ಟಿದ್ದರು. ನಾನು ಬಾಯಿ ತೆರೆದೆ. ಆ ಸಲ ನಿಜವಾಗಿಯೂ ಹೇಳುವವಳಿದ್ದೆ. ದೊಡ್ಡವ್ವ ನನ್ನ ಮುಂಗೈ ಹಿಡಿದಳು. ಬಾತ ಬೆರಳುಗಳಿಂದ ಅಷ್ಟು ಗಟ್ಟಿಯಾಗಿ ಹಿಡಿಯುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

"ನನ್ನ ಕಡಿಂದ ತಪ್ಪಾಗ್ಯಾದ" ಎಂದಳು.

"ತಪ್ಪು ನಿಂದಾದ್ರ ವರ್ಷ ನನಗ್ಯಾಕ ಕೇಳ್ತಿ ವೈನಿ? ಮೂರು ಬೆಳಿ ಅಂದಿದ್ದಿ, ಮೂರು ಬೆಳಿ ಬಿಟ್ಟೀನಿ. ಮಾತು ತಿರುವಂಗಿಲ್ಲ ಅಂದಾಕಿ ನೀನ."

"ಹೌದು. ಅಂದೀನಿ."

ಕಾಕಾಗೂ ಸಂಕಟವಾಗಿತ್ತು. ಬೇಗ ಹೋಗಲಿಲ್ಲ, ಚಪ್ಪಲಿಯ ಮಣ್ಣು ಕಲ್ಲಿಗೆ ತಿಕ್ಕುತ್ತ ನಿಂತಿದ್ದರು. ಚಹಾ ಕುಡಿದು ಹೋಗು ಎಂದು ದೊಡ್ಡವ್ವನೇ ಹೇಳಿದಳು.

ಹದಿನೈದು ದಿನದಲ್ಲಿ ಜೆಸಿಬಿ ಬಂತು. ಬದುಗಳನ್ನು ಕೆಡವಿ ಮಟ್ಟ ಮಾಡಿತು. ನಾಲ್ಕು ಪಟ್ಟಿಯ ಮಣ್ಣು ಒಂದರಲ್ಲಿ ಒಂದು ಕಲೆತುಹೋಯಿತು. ಆಮೇಲೆ ನೀರು ಬಿಟ್ಟರು. ದೊಡ್ಡವ್ವ ನೋಡಲು ಹೋಗಲಿಲ್ಲ. ನಾಟಿಯ ಹೆಣ್ಣುಮಕ್ಕಳು ಓಣಿಯಲ್ಲಿ ಹೋಗುವಾಗ, "ನೀರು ಎಲ್ಲಿತನಕ ನಿಂತದಬೇ?" ಎಂದು ಒಬ್ಬಳನ್ನು ಕೇಳಿದಳು. "ಮೊಣಕಾಲಿಗೆ" ಎಂದಳು ಅವಳು. ದೊಡ್ಡವ್ವ ಒಳಗೆ ಹೋಗಿ ಮಲಗಿದಳು.

ಯುಗಾದಿ ಕಳೆದು ಒಂಬತ್ತನೆಯ ದಿನ ಬೆಳಿಗ್ಗೆ ರೊಟ್ಟಿ ಕೊಡಲು ಹೋದೆ. ಹೊದಿಕೆ ತೆಗೆದಿರಲಿಲ್ಲ. ಕರೆದೆ. ಇನ್ನೊಮ್ಮೆ ಕರೆದೆ. ಮೈ ತಣ್ಣಗಿತ್ತು.

ಸಾಬಣ್ಣ ಮಾವ ಬಂದಾಗ ಮಧ್ಯಾಹ್ನ ದಾಟಿತ್ತು. ಮಣ್ಣು ಕೊಟ್ಟು ಎಲ್ಲರೂ ತಿರುಗಿ ಬರುವಾಗ ಅವರು ನನ್ನ ಪಕ್ಕಕ್ಕೆ ಬಂದರು.

"ಕಸ್ತೂರಿ, ನಾ ಎಂಟ ದಿನಕ್ಕ ಕುರಿ ಹೊಡಕೊಂಡು ಹೋಗಿಬಿಟ್ಟೆ. ಇನ್ನೆರಡು ದಿನ ತರುಬಿದ್ದಿದ್ರ ಉಳೀತಿದ್ಳೇನೋ ಅಕ್ಕ."

"ಇಲ್ರಿ ಮಾವಾ, ನೀವು ಮಾಡೋದೆಲ್ಲ ಮಾಡೀರಿ" ಎಂದೆ. ಅವರು ಟವೆಲ್ ಮುಖಕ್ಕೆ ಒತ್ತಿಕೊಂಡು ಮುಂದೆ ನಡೆದರು.

ಮೊನ್ನೆ ಸೌಭಾಗ್ಯ ಮೇಡಂ ಫೋನ್ ಮಾಡಿದ್ದರು. ದೊಡ್ಡವ್ವ ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. ಮುಂದಿನ ವಾರ ತರಕಾರಿ ಬೆಳೆಯುವ ರೈತರು ಸುರಪುರದಲ್ಲಿ ಸೇರುತ್ತಾರೆ, ಅಮ್ಮನ ಮೂರು ವರ್ಷದ ಅಂಕಿ ಕೂಡಿಸಿ ಸರಾಸರಿ ತೆಗೆದು ಓದುತ್ತೇನೆ, ಕಳಿಸು ಎಂದರು. ನಾನು ಕೂಡಿಸಿ ನೋಡಿದೆ. ಮೂರನ್ನೂ ಕೂಡಿಸಿದರೆ ಚೀಲದ ಪಟ್ಟಿಯೇ ಮೇಲೆ ಬರುತ್ತದೆ, ಕುರಿ ಪಟ್ಟಿ ಸ್ವಲ್ಪ ಕೆಳಗೆ. ಉಪವಾಸದ ನೆಲವೂ ಅಷ್ಟೇನೂ ಕೆಟ್ಟಿಲ್ಲ ಎಂದು ಕಾಣುತ್ತದೆ. ಅದನ್ನು ಕೇಳಿದ ರೈತರು ಮನೆಗೆ ಹೋಗಿ ಇನ್ನೊಂದು ಚೀಲ ಹಾಕುತ್ತಾರೆ.

ಎರಡೇ ವರ್ಷದ್ದು ಕೊಟ್ಟರೆ ಒಂದು ವರ್ಷ ಚೀಲ ಮೇಲೆ, ಒಂದು ವರ್ಷ ಕುರಿ ಮೇಲೆ. ಕುರಿ ಪಟ್ಟಿಯೇ ಗೆದ್ದಿತು ಎಂದು ಅದರಿಂದ ಹೇಳಲು ಬರುವುದಿಲ್ಲ. ಆದರೂ ಇದ್ದದ್ದು ಅಷ್ಟೇ.

ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಸುರಪುರಕ್ಕೆ ಹೋಗುತ್ತೇನೆ. ಮೊದಲ ಎರಡು ವರ್ಷದ ಹಾಳೆಗಳನ್ನು ಮೇಡಂ ಕೈಗೆ ಕೊಟ್ಟು, ಮೂರನೆಯ ವರ್ಷದ್ದನ್ನು ಸೇರಿಸಬೇಡಿ ಎಂದು ಹೇಳುತ್ತೇನೆ. ಯಾಕೆ ಎಂದು ಕೇಳಿದರೆ, ಬರೆಯುತ್ತಿದ್ದವಳು ನಾನು, ನಾಲ್ಕೂ ಪಟ್ಟಿಗೆ ಕುರಿ ಕೂತಾಗ ನಾನು ತಡೆಯಲಿಲ್ಲ ಎಂದು ಹೇಳಿ ಬರುತ್ತೇನೆ.